ಕಸೂತಿಯ ಲೆಕ್ಕ ನಾಲ್ಕು ದಿನಕ್ಕೆ ಮರೆಯುತ್ತದೆ, ಸೈಕಲ್ ಮೂವತ್ತು ವರ್ಷವಾದರೂ ಮರೆಯುವುದಿಲ್ಲ: ಏಕೆ?

ಪ್ರಶ್ನೆ: ಸಪ್ತಾಪುರ, ಧಾರವಾಡ

ಎಲ್ಲರಿಗೂ ನಮಸ್ಕಾರ. ನೌಕರಿಯಿಂದ ನಿವೃತ್ತಳಾದ ಮೇಲೆ ನಮ್ಮ ಓಣಿಯಲ್ಲಿಯೇ ಇರುವ ಹಿರಿಯರೊಬ್ಬರ ಹತ್ತಿರ ಕಸೂತಿ ಕಲಿಯುತ್ತಿದ್ದೇನೆ. ಗವಂತಿ ಮತ್ತು ಮುರ್ಗಿ ಹೊಲಿಗೆಗಳನ್ನು ಮುಗಿಸಿ ಈಗ ಗೋಪುರ, ತುಳಸಿ ಕಟ್ಟೆಯಂಥ ಚಿತ್ತಾರಗಳಿಗೆ ಬಂದಿದ್ದೇವೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಎಳೆಗಳನ್ನು ಎಣಿಸುತ್ತ ಸೂಜಿ ಒಂದು ಮನೆ ಬಿಟ್ಟು ಒಂದು ಮನೆ ಹೋಗಬೇಕು, ಮರಳುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಹೊರಟಲ್ಲಿಗೇ ಬಂದು ಸೇರಬೇಕು; ಹಾಗಾದಾಗ ಮಾತ್ರ ಬಟ್ಟೆಯ ಎರಡೂ ಬದಿಗೆ ಒಂದೇ ಚಿತ್ತಾರ ಮೂಡುತ್ತದೆ.

ಅವರ ಎದುರಿಗೆ ಕುಳಿತು ಒಂದೇ ಚಿತ್ತಾರವನ್ನು ಮೇಲಿಂದ ಮೇಲೆ ಹಾಕಿದಾಗ ನನ್ನ ಕೈ ಸರಾಗವಾಗಿ ಓಡುತ್ತದೆ. ಇನ್ನು ಇದು ನನಗೆ ಬಂದಂತೆಯೇ ಎಂದು ಮನೆಗೆ ಬರುತ್ತೇನೆ. ನಾಲ್ಕು ದಿನ ಬಿಟ್ಟು ಅದೇ ಚಿತ್ತಾರಕ್ಕೆ ಕೈ ಹಾಕಿದರೆ ಗೋಪುರದ ಮೆಟ್ಟಿಲು ತಿರುಗುವಲ್ಲಿ ಸೂಜಿ ನಿಂತುಬಿಡುತ್ತದೆ. ಎಷ್ಟು ಎಳೆ ದಾಟಬೇಕು, ಮೇಲಕ್ಕೆ ಹೋಗಬೇಕೋ ಬದಿಗೆ ಹೋಗಬೇಕೋ ಎಂಬುದು ನೆನಪಾಗುವುದೇ ಇಲ್ಲ. ಆದರೆ ಕಾಲೇಜು ಬಿಟ್ಟ ಮೇಲೆ ಮುಟ್ಟದೇ ಇದ್ದ ಸೈಕಲ್ಲನ್ನು ಇತ್ತೀಚೆಗೆ ಕೆಲಗೇರಿ ಕೆರೆಯ ಹತ್ತಿರ ಹತ್ತಿದಾಗ, ಮೊದಲ ಹತ್ತಿಪ್ಪತ್ತು ಮಾರು ಓಲಾಡಿದ್ದು ಬಿಟ್ಟರೆ, ಏನೂ ತೊಂದರೆಯಾಗಲಿಲ್ಲ.

ಎರಡೂ ಕೈಕಾಲುಗಳ ಕೆಲಸಗಳೇ ಆಗಿರುವಾಗ ಮೆದುಳು ಒಂದನ್ನು ಇಷ್ಟು ಭದ್ರವಾಗಿ ಇಟ್ಟುಕೊಂಡು ಇನ್ನೊಂದನ್ನು ಇಷ್ಟು ಬೇಗ ಬಿಟ್ಟುಕೊಡುವುದು ಏಕೆ? ಕಲಿತದ್ದು ಉಳಿಯಬೇಕಾದರೆ ಅಭ್ಯಾಸ ಹೇಗಿರಬೇಕು? ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ವಿದ್ಯಾನಗರ, ಹುಬ್ಬಳ್ಳಿ

ಮೇಡಂ, ನಾನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರ ಕಲಿಸುವವನು. ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕೂಡಿಕೊಂಡಿವೆ. ಅವುಗಳನ್ನು ಬಿಡಿಸಿ ನೋಡಿದರೆ ಉತ್ತರ ತಾನಾಗಿಯೇ ಅರ್ಧ ಸಿಗುತ್ತದೆ ಎಂದು ನನಗನಿಸುತ್ತದೆ.

ನೆನಪು ಎಂದು ನಾವು ಒಂದೇ ಹೆಸರಿನಿಂದ ಕರೆಯುವುದು ಮೆದುಳಿನಲ್ಲಿ ಒಂದೇ ಕಡೆ ಇಲ್ಲ. ಇದನ್ನು ಜಗತ್ತಿಗೆ ತೋರಿಸಿಕೊಟ್ಟವರು ಹೆನ್ರಿ ಮೊಲೈಸನ್ ಎಂಬ ಅಮೆರಿಕದ ರೋಗಿ. ಬಹಳ ಕಾಲ ವೈದ್ಯಕೀಯ ಲೋಕ ಅವರನ್ನು ಎಚ್.ಎಂ. ಎಂಬ ಎರಡು ಅಕ್ಷರಗಳಿಂದಷ್ಟೇ ಅರಿತಿತ್ತು. ತೀವ್ರವಾದ ಮೂರ್ಛೆರೋಗದಿಂದ ನರಳುತ್ತಿದ್ದ ಅವರಿಗೆ 1953ರಲ್ಲಿ, ಅವರ 27ನೆಯ ವಯಸ್ಸಿನಲ್ಲಿ, ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಮೆದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಭಾಗದ ಬಹುಪಾಲನ್ನು ತೆಗೆದುಹಾಕಿದರು. ಮೂರ್ಛೆ ಬಹಳಷ್ಟು ಹತೋಟಿಗೆ ಬಂತು, ಆದರೆ ಅಂದಿನಿಂದ ಹೊಸ ಘಟನೆ, ಹೊಸ ಮುಖ, ಹೊಸ ಮಾತು ಯಾವುದೂ ಅವರಲ್ಲಿ ನಿಲ್ಲದಂತಾಯಿತು. ಕೆನಡಾದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಎಚ್.ಎಂ. ಅವರಿಗೆ ಒಂದು ಪರೀಕ್ಷೆ ಕೊಟ್ಟರು. ಕಾಗದದ ಮೇಲೆ ಜೋಡಿಗೆರೆಗಳಲ್ಲಿ ಬರೆದ ಒಂದು ನಕ್ಷತ್ರ. ಕೈಯನ್ನೂ ಕಾಗದವನ್ನೂ ನೇರವಾಗಿ ನೋಡುವಂತಿಲ್ಲ, ಕನ್ನಡಿಯಲ್ಲಿ ಮಾತ್ರ ನೋಡುತ್ತ ಆ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಯಾರಿಗೇ ಆದರೂ ಮೊದಲು ಕೈ ದಿಕ್ಕುತಪ್ಪುತ್ತದೆ. ಮೂರು ದಿನಗಳ ಅಭ್ಯಾಸದಲ್ಲಿ ಎಚ್.ಎಂ. ಅವರ ತಪ್ಪುಗಳು ದಿನದಿಂದ ದಿನಕ್ಕೆ ಕಡಿಮೆಯಾಗುತ್ತ ಹೋದವು. ಆದರೆ ಆ ಕೆಲಸವನ್ನು ಹಿಂದೆ ಮಾಡಿದ್ದೆನೆಂಬುದೇ ಅವರಿಗೆ ನೆನಪಿರಲಿಲ್ಲ. ಕೈ ಕಲಿತಿತ್ತು, ಕಲಿತದ್ದು ಮನುಷ್ಯನಿಗೆ ಗೊತ್ತಿರಲಿಲ್ಲ. ಮಿಲ್ನರ್ ಇದನ್ನು 1962ರಲ್ಲಿ ಪ್ರಕಟಿಸಿದರು.

ಹೆಸರು, ಘಟನೆ, ಲೆಕ್ಕ, ದಾರಿ ಇವುಗಳನ್ನು ಹೊಸದಾಗಿ ಹಿಡಿದಿಡಲು ಹಿಪೊಕ್ಯಾಂಪಸ್ ಬೇಕು. ಕೈಕಾಲುಗಳ ಚಲನೆಯ ಕೌಶಲವಾದರೆ ಮುಖ್ಯವಾಗಿ ಸೆರೆಬೆಲ್ಲಮ್ ಎನ್ನುವ ಕಿರುಮೆದುಳು, ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಮತ್ತು ಚಲನೆಯನ್ನು ನಡೆಸುವ ಹೊರಪದರ ಇವುಗಳ ಕೆಲಸ. ಕಿರುಮೆದುಳು ನಾವು ಉದ್ದೇಶಿಸಿದ ಚಲನೆಯನ್ನೂ ನಿಜವಾಗಿ ಆದ ಚಲನೆಯನ್ನೂ ಹೋಲಿಸುತ್ತ, ವ್ಯತ್ಯಾಸ ಕಂಡಾಗಲೆಲ್ಲ ತನ್ನ ನರಕೋಶಗಳ ಜೋಡಣೆಗಳನ್ನು ತಿದ್ದಿಕೊಳ್ಳುತ್ತದೆ. ಆದ್ದರಿಂದ ಕೈ ತಪ್ಪುವುದು ಕಲಿಕೆಗೆ ಅಡ್ಡಿಯಲ್ಲ. ಆ ತಪ್ಪಿನ ಸುದ್ದಿಯಿಂದಲೇ ತಿದ್ದುಪಡಿ ಆರಂಭವಾಗುತ್ತದೆ.

ಈಗ ನಿಮ್ಮ ಕಸೂತಿಗೆ ಬರೋಣ. ಕಸೂತಿಯಲ್ಲಿ ಎರಡೂ ಬಗೆಯ ನೆನಪುಗಳಿವೆ. ಸೂಜಿಯನ್ನು ಎಳೆಗಳ ನಡುವೆ ನೆಟ್ಟಗೆ ಇಳಿಸುವುದು, ದಾರವನ್ನು ಬಟ್ಟೆ ಸುಕ್ಕಾಗದಷ್ಟೇ ಬಿಗಿಯಾಗಿ ಎಳೆಯುವುದು, ಇವು ಕೈಯ ಕೌಶಲ. ಎಷ್ಟನೆಯ ಎಳೆಯಲ್ಲಿ ತಿರುಗಬೇಕು, ಯಾವ ಗೆರೆಯನ್ನು ಹೋಗುವಾಗ ಹಾಕಿ ಯಾವುದನ್ನು ಮರಳುವಾಗ ತುಂಬಬೇಕು ಎಂಬುದು ಲೆಕ್ಕ ಮತ್ತು ದಾರಿ. ನೀವು ತಿಂಗಳ ಹಿಂದೆ ಹಾಕಿದ ಗವಂತಿಯನ್ನೂ ಈಗ ಹಾಕುತ್ತಿರುವುದನ್ನೂ ಪಕ್ಕಪಕ್ಕ ಇಟ್ಟು ನೋಡಿ: ಹೊಲಿಗೆಯ ಬಿಗಿ, ಅಂತರ ಎರಡೂ ಸುಧಾರಿಸಿರಬೇಕು. ಹಾಗಿದ್ದರೆ ಕೈ ಏನನ್ನೂ ಮರೆತಿಲ್ಲ. ಮರೆಯುತ್ತಿರುವುದು ಚಿತ್ತಾರದ ದಾರಿಯನ್ನು.

ಸೈಕಲ್‌ನಲ್ಲಿ ಹೀಗೆ ಬೇರೆಯಾಗಿ ನೆನಪಿಡಬೇಕಾದ ಲೆಕ್ಕ ಏನೂ ಇಲ್ಲ. ದೇಹ ಎಡಕ್ಕೆ ವಾಲಿದ ಕ್ಷಣವೇ ಒಳಗಿವಿಯಿಂದಲೂ ಸ್ನಾಯುಗಳಿಂದಲೂ ಸುದ್ದಿ ಬರುತ್ತದೆ, ಮುಂದಿನ ಚಲನೆಯನ್ನು ಆ ಸುದ್ದಿಯೇ ಎಬ್ಬಿಸುತ್ತದೆ. ಹೀಗೆ ಎಡೆಬಿಡದೆ ಸಾಗುವ ಕೌಶಲಗಳು ದಶಕಗಳ ಕಾಲ ಉಳಿಯುತ್ತವೆ. ಒಂದರ ನಂತರ ಒಂದು ಹೆಜ್ಜೆಯನ್ನು ನಾವೇ ನೆನಪಿಸಿಕೊಂಡು ಇಡಬೇಕಾದ ಕೌಶಲಗಳು ಬೇಗ ಸವೆಯುತ್ತವೆ. ನಮ್ಮ ವೃತ್ತಿಯಲ್ಲಿ ಇದಕ್ಕೆ ಸ್ಪಷ್ಟವಾದ ಉದಾಹರಣೆ ಇದೆ. ಹೃದಯ ನಿಂತವರಿಗೆ ಎದೆಯೊತ್ತಿ ಉಸಿರು ಕೊಡುವ ಸಿ.ಪಿ.ಆರ್. ತರಬೇತಿಯನ್ನು ಚೆನ್ನಾಗಿ ಮುಗಿಸಿದವರಲ್ಲಿಯೂ, ನಡುವೆ ಅಭ್ಯಾಸ ಇಲ್ಲದಿದ್ದರೆ, ಕೆಲವೇ ತಿಂಗಳುಗಳಲ್ಲಿ ಆ ಕೌಶಲ ಕುಗ್ಗುತ್ತದೆ. ಆ ಕಾರಣದಿಂದಲೇ ಅದನ್ನು ಮತ್ತೆ ಮತ್ತೆ ಕೊಡಬೇಕಾಗುತ್ತದೆ.

ಎರಡನೆಯ ಸಂಗತಿ, ಗುರುಗಳ ಎದುರು ಕೈ ಸರಾಗವಾಗಿ ಓಡುವುದು. ಒಂದೇ ಚಿತ್ತಾರವನ್ನು ಬೆನ್ನುಬೆನ್ನಿಗೆ ಹಾಕುವಾಗ ಹಿಂದಿನ ಸಲದ ದಾರಿ ಇನ್ನೂ ತಾತ್ಕಾಲಿಕ ನೆನಪಿನಲ್ಲಿ ಹಸಿಯಾಗಿಯೇ ಇರುತ್ತದೆ, ಅದನ್ನು ಆಳದಿಂದ ತೆಗೆಯುವ ಅವಶ್ಯಕತೆಯೇ ಬರುವುದಿಲ್ಲ. ಆ ಸರಾಗತನ ಆ ಹೊತ್ತಿನದು. ಅದನ್ನು ಕಲಿಕೆ ಎಂದು ಎಣಿಸಲಾಗದು. ಕಲಿತೆವೋ ಇಲ್ಲವೋ ಎಂಬುದು ಕೆಲವು ದಿನ ಬಿಟ್ಟು ನೋಡಿದಾಗಲೇ ತಿಳಿಯುತ್ತದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿಯೇ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಮರೆವು ಮೊದಲು ಕಡಿದಾಗಿ ಇಳಿದು ಆಮೇಲೆ ನಿಧಾನವಾಗುತ್ತದೆ ಎಂದು ತೋರಿಸಿದರು. ಅವರ ಕೆಲಸದಲ್ಲಿ ನನಗೆ ಅದಕ್ಕಿಂತ ಮುಖ್ಯವೆನಿಸುವುದು ಇನ್ನೊಂದು: ಪೂರ್ತಿ ಮರೆತಂತೆ ಕಂಡದ್ದನ್ನು ಮತ್ತೆ ಕಲಿಯಲು ಮೊದಲ ಸಲಕ್ಕಿಂತ ಕಡಿಮೆ ಸಮಯ ಸಾಕಾಗುತ್ತದೆ. ನಿಮ್ಮ ಸೂಜಿ ನಿಂತಾಗಲೂ ಹಿಂದಿನ ಶ್ರಮದ ಒಂದು ಪಾಲು ಒಳಗೆ ಉಳಿದೇ ಇರುತ್ತದೆ.

ನೆನಪು ಗಟ್ಟಿಯಾಗುವುದಕ್ಕೆ ಸಮಯ ಹಿಡಿಯುವುದಕ್ಕೂ ಕಾರಣವಿದೆ. ನರಕೋಶಗಳು ಒಂದಕ್ಕೊಂದು ಸುದ್ದಿ ದಾಟಿಸುವ ಸಂಧಿಗೆ ಸಿನಾಪ್ಸ್ ಎನ್ನುತ್ತಾರೆ. ಎರಿಕ್ ಕ್ಯಾಂಡೆಲ್ ಅವರು ಕಡಲ ಬಸವನಹುಳುವಿನಂಥ ಅಪ್ಲೀಸಿಯಾ ಎಂಬ ಜೀವಿಯಲ್ಲಿ ನಡೆಸಿದ ಅಧ್ಯಯನಗಳಲ್ಲಿ, ಅಲ್ಪಕಾಲದ ನೆನಪಿಗೆ ಮೊದಲೇ ಇದ್ದ ಸಂಧಿಗಳಲ್ಲಿಯೇ ರಾಸಾಯನಿಕ ಬದಲಾವಣೆ ಸಾಕೆಂದೂ, ದೀರ್ಘಕಾಲದ ನೆನಪಿಗೆ ನರಕೋಶದ ಜೀನ್‌ಗಳು ಎಚ್ಚೆತ್ತು ಹೊಸ ಪ್ರೋಟೀನ್‌ಗಳು ತಯಾರಾಗಿ ಹೊಸ ಸಂಧಿಗಳೇ ಬೆಳೆಯಬೇಕೆಂದೂ ತಿಳಿದುಬಂತು. ಅವರಿಗೆ 2000ದಲ್ಲಿ ನೊಬೆಲ್ ಬಹುಮಾನ ಬಂದದ್ದು ಈ ಬಗೆಯ ಕೆಲಸಕ್ಕೆ. ಇಂಥ ಕಟ್ಟಡದ ಕೆಲಸ ಸೂಜಿ ಕೆಳಗಿಟ್ಟ ಮೇಲೂ ತಾಸುಗಟ್ಟಲೆ ನಡೆದಿರುತ್ತದೆ, ಅವಸರ ಮಾಡಿದರೆ ಅದು ಬೇಗ ಮುಗಿಯುವುದಿಲ್ಲ.

ಉತ್ತರ: ಗದಗ

ಅಕ್ಕಾವರಿಗೆ ನಮಸ್ಕಾರ. ನಾನು ತಬಲಾ ಕಲಿಸುವವನು. ಡಾಕ್ಟರ್ ಸಾಹೇಬರು ಬರೆದದ್ದನ್ನು ಗೌರವದಿಂದ ಓದಿದೆ. ಕೈಯ ಕೌಶಲ ಬೇರೆ, ಲೆಕ್ಕ ಬೇರೆ ಎಂದು ಅವರು ಬಿಡಿಸಿದ್ದು ಸರಿಯೇ. ಆದರೆ ಪಳಗಿದ ಕೈಯಲ್ಲಿ ಲೆಕ್ಕವೂ ಕೈಗೆ ಇಳಿಯುತ್ತದೆ ಎಂಬುದನ್ನು ನಾನು ಸೇರಿಸಬಯಸುತ್ತೇನೆ. ತೀನ್‌ತಾಲದ 16 ಮಾತ್ರೆಗಳನ್ನು, ಅಂದರೆ ತಾಳದ ಎಣಿಕೆಗಳನ್ನು, ಹೊಸ ವಿದ್ಯಾರ್ಥಿ ಬೆರಳು ಮಡಿಸಿ ಎಣಿಸುತ್ತಾನೆ. ಕೆಲವು ತಿಂಗಳುಗಳ ಮೇಲೆ ಅವನಿಗೆ ಕಾಣುವುದು ನಾಲ್ಕು ನಾಲ್ಕು ಮಾತ್ರೆಗಳ ನಾಲ್ಕು ವಿಭಾಗಗಳು. ಇನ್ನೂ ಮುಂದೆ ಹೋದರೆ ಇಡೀ ಆವರ್ತನವೇ ಒಂದು ಘಟಕವಾಗುತ್ತದೆ, ಎಣಿಕೆ ಎಂಬುದೇ ಇರುವುದಿಲ್ಲ. ಬಿಡಿಬಿಡಿ ಹೆಜ್ಜೆಗಳನ್ನು ಮೆದುಳು ಹೀಗೆ ಗುಂಪುಗೂಡಿಸಿ ಒಂದೇ ತುಣುಕಾಗಿ ಇಟ್ಟುಕೊಳ್ಳುವುದರಲ್ಲಿ ಬೇಸಲ್ ಗ್ಯಾಂಗ್ಲಿಯಾದ ಪಾತ್ರ ಇದೆ ಎಂದು ಓದಿದ್ದೇನೆ. ನಿಮ್ಮ ಗೋಪುರದ ಮೆಟ್ಟಿಲನ್ನೂ ಎಳೆ ಎಳೆಯಾಗಿ ನೆನಪಿಡದೆ ಒಂದು ತಿರುವು, ಒಂದು ಏರು ಎಂದು ತುಂಡುಗಳಾಗಿ ಹಿಡಿದರೆ ದಾರಿ ಸುಲಭವಾಗುತ್ತದೆ.

ನಮ್ಮಲ್ಲಿ ಕಾಯದಾ ಎಂಬ ತಬಲಾ ರಚನೆಯನ್ನು ನುಡಿಸುವ ಮೊದಲು ಅದರ ಬಡಿತದ ಅಕ್ಷರಗಳಾದ ಬೋಲ್‌ಗಳನ್ನು ಕೈಯಲ್ಲಿ ತಾಳ ಹಾಕುತ್ತ ಬಾಯಿಂದ ಹೇಳಬೇಕು. ಇದಕ್ಕೆ ಪಢಂತ್ ಎನ್ನುತ್ತೇವೆ. ಬಾಯಲ್ಲಿ ಎಡವದೆ ಬರುವವರೆಗೆ ತಬಲಾ ಮುಟ್ಟಗೊಡದ ಗುರುಗಳಿದ್ದರು. ಇದು ಬರಿಯ ಶಿಸ್ತಿನ ಮಾತಲ್ಲ. 1995ರಲ್ಲಿ ಆಲ್ವಾರೊ ಪಾಸ್ಕ್ವಾಲ್ ಲಿಯೋನೆ ಎಂಬ ನರವಿಜ್ಞಾನಿ ಮತ್ತು ಸಂಗಡಿಗರು ಪಿಯಾನೊ ಬಾರದವರಿಗೆ ಐದು ಬೆರಳಿನ ಒಂದು ಪಾಠವನ್ನು ದಿನಕ್ಕೆ 2 ತಾಸಿನಂತೆ 5 ದಿನ ಅಭ್ಯಾಸ ಮಾಡಿಸಿದರು. ಕೆಲವರು ನುಡಿಸಿದರು, ಕೆಲವರು ಪಿಯಾನೊ ಎದುರು ಕುಳಿತು ಬೆರಳು ಆಡಿಸದೆ ಮನಸ್ಸಿನಲ್ಲಿಯೇ ನುಡಿಸಿದರು. ಬೆರಳುಗಳನ್ನು ನಡೆಸುವ ಮೆದುಳಿನ ಹೊರಪದರದ ಭಾಗ ಎರಡೂ ಗುಂಪಿನವರಲ್ಲಿ ಹಿಗ್ಗಿದ್ದು ಕಂಡುಬಂತು. ಕೈಯಿಂದ ನುಡಿಸಿದವರ ಕೌಶಲ ಹೆಚ್ಚಾಗಿತ್ತು, ಆದರೆ ಮನಸ್ಸಿನಲ್ಲಿ ನುಡಿಸಿದವರು ಆಮೇಲೆ ಒಂದೇ ಸಲದ ಕೈ ಅಭ್ಯಾಸದಿಂದ ಅವರ ಸಮೀಪಕ್ಕೆ ಬಂದರು. ನಮ್ಮೂರ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಸ್ವರಲಿಪಿಯನ್ನು ನೋಡದೆ, ಕೇಳಿ, ಮನಸ್ಸಿನಲ್ಲಿ ಹಾಡಿಕೊಂಡು, ಆಮೇಲೆ ವಾದ್ಯಕ್ಕೆ ಇಳಿಸುವುದನ್ನು ಕಂಡವರಿಗೆ ಈ ಫಲಿತಾಂಶ ಆಶ್ಚರ್ಯ ತರುವುದಿಲ್ಲ. ಸ್ವತಃ ದೃಷ್ಟಿಹೀನರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ನೂರಾರು ಮಕ್ಕಳಿಗೆ ವಿದ್ಯೆ ದಾಟಿಸಿದ್ದು ಈ ದಾರಿಯಿಂದಲೇ.

ಇನ್ನೊಂದು ಮಾತು ನಿಮಗೆ ನೇರವಾಗಿ ಉಪಯೋಗಕ್ಕೆ ಬರಬಹುದು. ಒಂದೇ ಪಲ್ಟಾವನ್ನು, ಅಂದರೆ ಕಾಯದಾದ ಒಂದು ಮಾರ್ಪಾಟನ್ನು, ಐವತ್ತು ಸಲ ತಿರುವಿಸಿ ಆಮೇಲೆ ಮುಂದಿನದಕ್ಕೆ ಹೋಗುವುದು ವಿದ್ಯಾರ್ಥಿಗಳಿಗೆ ಬಹಳ ಪ್ರೀತಿ, ಏಕೆಂದರೆ ಕೈ ಬೇಗ ಓಡತೊಡಗುತ್ತದೆ. ನಾನು ಮೂರು ನಾಲ್ಕು ಪಲ್ಟಾಗಳನ್ನು ಬೆರೆಸಿ, ಯಾವುದು ಮುಂದೆ ಬರುವುದೆಂದು ಹೇಳದೆ ಕೇಳುತ್ತೇನೆ. ಅವರಿಗೆ ಕಷ್ಟವಾಗುತ್ತದೆ, ಕೆಲವರು ಬೇಸರಪಟ್ಟುಕೊಳ್ಳುತ್ತಾರೆ, ಆದರೆ ಮುಂದಿನ ವಾರ ಉಳಿದಿರುವುದು ಹೀಗೆ ಬೆರೆಸಿ ಕಲಿತದ್ದು. 1979ರಲ್ಲಿ ಶೀ ಮತ್ತು ಮೋರ್ಗನ್ ಎಂಬ ಸಂಶೋಧಕರು ಕೈಚಲನೆಯ ಮೂರು ಕ್ರಮಗಳನ್ನು ಕಲಿಸಿ ನೋಡಿದಾಗಲೂ ಹೀಗೆಯೇ ಆಯಿತು. ಒಂದೊಂದಾಗಿ ಮುಗಿಸಿದವರು ಅಭ್ಯಾಸದ ವೇಳೆಯಲ್ಲಿ ಮುಂದಿದ್ದರು, 10 ದಿನಗಳ ನಂತರ ನೋಡಿದಾಗ ಬೆರೆಸಿ ಕಲಿತವರು ಮುಂದಿದ್ದರು. ನೀವೂ ಗೋಪುರ, ತುಳಸಿ ಕಟ್ಟೆ, ನವಿಲು ಮೂರನ್ನೂ ಒಂದೇ ಬಟ್ಟೆಯ ಮೇಲೆ ಸರದಿ ಬದಲಿಸುತ್ತ ಹಾಕಿ ನೋಡಿ. ಕೈ ನಿಂತಲ್ಲಿ ಕೂಡಲೇ ಗುರುಗಳನ್ನು ಕೇಳದೆ ಸ್ವಲ್ಪ ಹೊತ್ತು ತಾವೇ ನೆನಪಿಸಿಕೊಳ್ಳಿ. ಸುಳ್ಳು ದಾರಿ ಹಿಡಿದರೆ ಬಿಚ್ಚಬಹುದು, ಬಟ್ಟೆಗೆ ಏನೂ ಆಗುವುದಿಲ್ಲ.

ಪ್ರಶ್ನೆ ಕೇಳಿದವರು: ಸಪ್ತಾಪುರ, ಧಾರವಾಡ

ಇಬ್ಬರಿಗೂ ಅನಂತ ಧನ್ಯವಾದಗಳು. ಹಳೆಯ ಬಟ್ಟೆಯನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ನೋಡಿದೆ, ಡಾಕ್ಟರರು ಹೇಳಿದಂತೆ ಹೊಲಿಗೆಯ ಬಿಗಿ ನಿಜವಾಗಿಯೂ ಸುಧಾರಿಸಿದೆ, ಹಿಂಬದಿಯಲ್ಲಿ ಗಂಟುಗಳೂ ಕಾಣುತ್ತಿಲ್ಲ. ಇನ್ನೆರಡು ಸಂದೇಹಗಳಿವೆ. ವಾರದ ಕೆಲಸದ ನಡುವೆ ಪುರುಸೊತ್ತು ಸಿಗದೆ ಭಾನುವಾರ ಮಧ್ಯಾಹ್ನ ಪೂರ್ತಿ ಕುಳಿತುಬಿಡುತ್ತೇನೆ. ಅದರ ಬದಲು ದಿನವೂ ಸ್ವಲ್ಪ ಸ್ವಲ್ಪ ಹಾಕಿದರೆ ಹೆಚ್ಚು ಪ್ರಯೋಜನವೇ? ಅರವತ್ತರ ಮೆದುಳು ಹೊಸದನ್ನು ಹಿಡಿಯುವುದರಲ್ಲಿಯೇ ಹಿಂದೆ ಬೀಳುತ್ತದೆಯೇ?

ಉತ್ತರ: ಹಾವೇರಿ

ಮೊದಲನೆಯದಕ್ಕೆ ನಾನು ಉತ್ತರಿಸಬಲ್ಲೆ. ನಾನು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತೇನೆ, ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಕಲಿಸುತ್ತೇನೆ. ಪರೀಕ್ಷೆ ಹತ್ತಿರ ಬಂದಾಗ ಪ್ರತಿ ಸಲ ಪಾಲಕರು ಕೇಳುವುದು ಒಂದೇ ಪ್ರಶ್ನೆ: ದಿನಕ್ಕೆ ನಾಲ್ಕು ತಾಸು ಕೂರಿಸಿದರೆ ಬೇಗ ಬರುವುದಿಲ್ಲವೇ? ಈ ಪ್ರಶ್ನೆಯನ್ನೇ ಇಂಗ್ಲೆಂಡಿನಲ್ಲಿ ಅಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬವರು ಅಂಚೆ ಇಲಾಖೆಯ ನೌಕರರಿಗೆ ಕೀಲಿಮಣೆ ಕಲಿಸುವಾಗ ಪರೀಕ್ಷಿಸಿ 1978ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ದಿನಕ್ಕೆ 1 ತಾಸು, ಇನ್ನೊಂದಕ್ಕೆ 2 ತಾಸಿನ ಎರಡು ಸರದಿ, ನಡುವೆ ಬೇರೆ ಎರಡು ಬಗೆ. ಕೀಲಿಗಳ ಸ್ಥಾನಗಳನ್ನು ಕಲಿಯಲು ದಿನಕ್ಕೆ 1 ತಾಸಿನವರಿಗೆ ಒಟ್ಟು ಸುಮಾರು 35 ತಾಸು ಸಾಕಾಯಿತು, ದಿನಕ್ಕೆ 4 ತಾಸಿನವರಿಗೆ ಸುಮಾರು 50 ತಾಸು ಬೇಕಾಯಿತು. ಆದರೆ ಕ್ಯಾಲೆಂಡರಿನ ಲೆಕ್ಕದಲ್ಲಿ 4 ತಾಸಿನವರು ಮೊದಲು ಮುಗಿಸಿದರು. ತಮಗೆ ಸಿಕ್ಕ ಕ್ರಮದ ಬಗ್ಗೆ ಕಡಿಮೆ ತೃಪ್ತಿ ಇದ್ದದ್ದೂ ದಿನಕ್ಕೆ 1 ತಾಸಿನವರಿಗೇ, ತಾವು ಬೇರೆಯವರಿಗಿಂತ ಹಿಂದೆ ಬೀಳುತ್ತಿದ್ದೇವೆ ಎಂದು ಅವರಿಗೆ ಅನಿಸಿತ್ತು. ಈ ಕೊನೆಯ ಸಂಗತಿಯನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ತಪ್ಪದೇ ಹೇಳುತ್ತೇನೆ, ಏಕೆಂದರೆ ಒಳ್ಳೆಯ ಕ್ರಮದಲ್ಲಿ ಕಲಿಯುತ್ತಿರುವಾಗಲೇ ಕೈಬಿಡುವ ಮನಸ್ಸಾಗುತ್ತದೆ.

ಆದ್ದರಿಂದ ಭಾನುವಾರದ ಮೂರು ನಾಲ್ಕು ತಾಸನ್ನು ದಿನಕ್ಕೆ ಅರ್ಧ ತಾಸಾಗಿ ಹರಡಿ. ಅದೂ ಆಗದಿದ್ದರೆ ದಿನ ಬಿಟ್ಟು ದಿನವಾದರೂ ಆಗಲಿ. ಸೂಜಿ ಹಿಡಿಯುವ ಮೊದಲು ಐದು ನಿಮಿಷ ಗ್ರಾಫ್ ಹಾಳೆಯ ಮೇಲೆ, ಮಾದರಿಯನ್ನು ನೋಡದೆ, ಆ ಚಿತ್ತಾರದ ದಾರಿಯನ್ನು ಪೆನ್ಸಿಲ್ಲಿನಿಂದ ಗುರುತಿಸಿ, ಆಮೇಲೆ ತಾಳೆ ನೋಡಿ. ಓದಿದ್ದನ್ನು ಮತ್ತೆ ಮತ್ತೆ ಓದಿದವರಿಗಿಂತ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ನಂತರ ಹೆಚ್ಚು ಉಳಿಸಿಕೊಂಡಿದ್ದರು ಎಂದು ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದಾರೆ. ಐದು ನಿಮಿಷಗಳ ನಂತರ ಕೇಳಿದಾಗ ಮಾತ್ರ ಮತ್ತೆ ಓದಿದವರೇ ಮುಂದಿದ್ದರು.

ಗದಗಿನವರು ಲೆಕ್ಕ ಕೈಗಿಳಿಯುವ ಬಗ್ಗೆ ಬರೆದದ್ದಕ್ಕೆ ನನ್ನ ವೃತ್ತಿಯಿಂದ ಒಂದು ಸಾಕ್ಷಿ. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಪಳಗಿದ ಟೈಪಿಸ್ಟರಿಗೆ ಅಕ್ಷರಗಳಿಲ್ಲದ ಖಾಲಿ ಕೀಲಿಮಣೆಯ ಚಿತ್ರ ಕೊಟ್ಟು ಅಕ್ಷರಗಳನ್ನು ತುಂಬಲು ಹೇಳಿದಾಗ, ಸರಾಸರಿ 15 ಅಕ್ಷರಗಳ ಜಾಗವನ್ನಷ್ಟೇ ಅವರು ಸರಿಯಾಗಿ ಗುರುತಿಸಿದರು. ನಿಮಿಷಕ್ಕೆ 70ಕ್ಕೂ ಹೆಚ್ಚು ಪದ ಹೊಡೆಯುವ ಬೆರಳುಗಳಿಗೆ ಗೊತ್ತಿದ್ದದ್ದು ಅವರಿಗೆ ಹೇಳಲು ಬರಲಿಲ್ಲ.

ಉತ್ತರ: ವಿದ್ಯಾನಗರ, ಹುಬ್ಬಳ್ಳಿ

ತಬಲಾ ಗುರುಗಳ ಮಾತನ್ನು ಒಪ್ಪುತ್ತೇನೆ, ನಾನು ಹೇಳಿದ್ದು ಕಲಿಕೆಯ ಮೊದಲ ಹಂತಕ್ಕೆ ಹೆಚ್ಚು ಅನ್ವಯಿಸುತ್ತದೆ. ಈಗ ವಯಸ್ಸಿನ ಪ್ರಶ್ನೆ.

ವಯಸ್ಸಾದಂತೆ ಹೊಸ ಚಲನೆಯನ್ನು ಹಿಡಿಯುವ ವೇಗ ಕಡಿಮೆಯಾಗುವುದು ನಿಜ. ಎಳವೆಯಲ್ಲಿ ಆರಂಭಿಸಿದವರಿಗೆ ಅನುಕೂಲ ಇರುವುದೂ ನಿಜ. ಪಿಟೀಲಿನಂಥ ತಂತಿವಾದ್ಯ ನುಡಿಸುವವರ ಎಡಗೈ ಬೆರಳುಗಳಿಗೆ ಮೆದುಳಿನ ಹೊರಪದರದಲ್ಲಿ ಮೀಸಲಾದ ಜಾಗ ಇತರರಿಗಿಂತ ದೊಡ್ಡದಿರುತ್ತದೆ ಮತ್ತು ಚಿಕ್ಕ ವಯಸ್ಸಿನಲ್ಲಿ ಆರಂಭಿಸಿದವರಲ್ಲಿ ಅದು ಇನ್ನೂ ಹೆಚ್ಚು ಎಂದು 1995ರ ಒಂದು ಅಧ್ಯಯನ ತೋರಿಸಿತು. ಆದರೆ ಮೆದುಳು ಬದಲಾಗುವುದು ಯಾವ ವಯಸ್ಸಿನಲ್ಲಿಯೂ ನಿಲ್ಲುವುದಿಲ್ಲ. ಜರ್ಮನಿಯ ಸಂಶೋಧಕರು ಮೂರು ಚೆಂಡುಗಳನ್ನು ಗಾಳಿಯಲ್ಲಿ ಆಡಿಸುವ ವಿದ್ಯೆಯನ್ನು ಮೊದಲು ಯುವಕರಿಗೆ ಮೂರು ತಿಂಗಳು ಕಲಿಸಿ ಮೆದುಳಿನ ಚಿತ್ರ ತೆಗೆದಾಗ, ಚಲಿಸುವ ವಸ್ತುಗಳನ್ನು ಗುರುತಿಸುವ ಭಾಗದಲ್ಲಿ ನರಕೋಶಗಳಿರುವ ಬೂದುದ್ರವ್ಯ ಹೆಚ್ಚಿತ್ತು. ಅಭ್ಯಾಸ ಬಿಟ್ಟ ಮೇಲೆ ಅದು ಮತ್ತೆ ಇಳಿಯಿತು. ಇದು 2004ರ ವರದಿ. ಅದೇ ವಿದ್ಯೆಯನ್ನು ಅರವತ್ತರ ಆಸುಪಾಸಿನವರಿಗೆ ಕಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಅಂಥ ಬದಲಾವಣೆ ಕಂಡಿತು, ಹಿಪೊಕ್ಯಾಂಪಸ್‌ನಲ್ಲಿ ಕೂಡ. ಯುವಕರಷ್ಟು ಚೆನ್ನಾಗಿ ಆಡಿಸಲು ಕಲಿತವರ ಸಂಖ್ಯೆ ಅವರಲ್ಲಿ ಕಡಿಮೆ ಇತ್ತು, ಅಷ್ಟೇ ವ್ಯತ್ಯಾಸ.

ನಿದ್ದೆಯನ್ನೂ ಅಭ್ಯಾಸದ ಭಾಗವೆಂದೇ ಎಣಿಸಿ. ಬೆರಳುಗಳಿಂದ ಒಂದು ಅನುಕ್ರಮವನ್ನು ಒತ್ತುವ ಕೆಲಸ ಕಲಿತ ಯುವಕರಲ್ಲಿ, ಒಂದು ರಾತ್ರಿಯ ನಿದ್ದೆಯ ನಂತರ ವೇಗ ಸುಮಾರು 20 ಪ್ರತಿಶತ ಹೆಚ್ಚಿದ್ದನ್ನು 2002ರಲ್ಲಿ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು ಕಂಡರು. ಅಷ್ಟೇ ಹೊತ್ತು ಎಚ್ಚರವಾಗಿದ್ದವರಲ್ಲಿ ಹೇಳಿಕೊಳ್ಳುವಂಥ ಹೆಚ್ಚಳ ಇರಲಿಲ್ಲ. ಆ ಹೆಚ್ಚಳದಲ್ಲಿ ಎಷ್ಟು ಪಾಲು ನಿದ್ದೆಯದು, ಎಷ್ಟು ಪಾಲು ದಣಿವು ಆರಿದ್ದರಿಂದ ಬಂದದ್ದು ಎಂಬ ಚರ್ಚೆ ಇದೆ. ವಯಸ್ಸಾದವರಲ್ಲಿ ಈ ಲಾಭ ಕಡಿಮೆ ಎಂದೂ ಅಧ್ಯಯನಗಳು ಹೇಳುತ್ತವೆ. ಹಾಗಿದ್ದರೂ ನಿದ್ದೆಗೆಟ್ಟು ಮಾಡಿದ ಅಭ್ಯಾಸ ಚೆನ್ನಾಗಿ ನಿಲ್ಲುವುದಿಲ್ಲ.

ಕೊನೆಗೆ ವೈದ್ಯನಾಗಿ ಒಂದು ಮಾತು. ಹೊಸ ಚಿತ್ತಾರವನ್ನು ಹಿಡಿಯಲು ಹೊತ್ತು ಬೇಕಾಗುವುದು ರೋಗವಲ್ಲ, ಅದಕ್ಕಾಗಿ ನೆನಪಿನ ಶಕ್ತಿಯ ಗುಳಿಗೆ, ಟಾನಿಕ್‌ಗಳಿಗೆ ಹಣ ಸುರಿಯಬೇಡಿ. ಆದರೆ ದಶಕಗಳಿಂದ ಮಾಡುತ್ತ ಬಂದ ಕೆಲಸದ ಕ್ರಮವೇ ತಪ್ಪತೊಡಗಿದರೆ, ರೊಟ್ಟಿಗೆ ಹಿಟ್ಟು ನಾದುವುದರಲ್ಲಿ ಗೊಂದಲವಾಗುವುದು, ಪರಿಚಿತ ಓಣಿಯಲ್ಲಿ ದಾರಿ ತಪ್ಪುವುದು ಇಂಥವು ಕಂಡರೆ, ಅದು ಬೇರೆ ಸಂಗತಿ. ಬಿ12 ಜೀವಸತ್ವದ ಕೊರತೆ ಮತ್ತು ಥೈರಾಯ್ಡ್ ಗ್ರಂಥಿಯ ಮಂದಗತಿಯಿಂದಲೂ ಮರೆವು ಬರುತ್ತದೆ, ಅವೆರಡನ್ನೂ ರಕ್ತಪರೀಕ್ಷೆಯಿಂದ ಪತ್ತೆ ಹಚ್ಚಿ ಔಷಧದಿಂದ ಸರಿಪಡಿಸಬಹುದು. ಅಂಥ ಲಕ್ಷಣ ನಿಮಗಾಗಲಿ ಮನೆಯ ಹಿರಿಯರಿಗಾಗಲಿ ಕಂಡುಬಂದರೆ ವಯಸ್ಸಿನ ದೋಷವೆಂದು ಬಿಟ್ಟುಬಿಡದೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಾಗಲಿ, ನಿಮಗೆ ಅನುಕೂಲವಾದ ನರರೋಗ ತಜ್ಞರಲ್ಲಾಗಲಿ ತೋರಿಸಿ.